ಗರ್ನಾಲು, ಮಳೆ ರಜೆ ಮತ್ತು ಎಂಟು ವರ್ಷದ ಮಗನ ಸಿಟ್ಟು: ಆಟಿಸಂ ಇರುವ ಮಗುವಿಗೆ ಭಾವನೆಗಳನ್ನು ಸಂಭಾಳಿಸಲು ಕಲಿಸುವುದು ಹೇಗೆ?

ಕಾವೂರಿನ ತಾಯಿ (ಜುಲೈ)

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಈಗ ಎಂಟು ವರ್ಷ. ಆಟಿಸಂ ಇದೆಯೆಂದು ನಾಲ್ಕನೆಯ ವಯಸ್ಸಿನಲ್ಲಿ ಗೊತ್ತಾಯಿತು. ಸ್ಪೀಚ್ ಥೆರಪಿಯಿಂದ ಪ್ರಯೋಜನವಾಗಿದ್ದು, ತನಗೆ ಬೇಕಾದುದನ್ನು ಎರಡು ಮೂರು ಪದಗಳಲ್ಲಿ ಕೇಳುತ್ತಾನೆ. ಆದರೆ ತನಗೆ ಏನಾಗುತ್ತಿದೆ ಎಂಬುದನ್ನು ಹೇಳಲು ಅವನಿಗೆ ಬರುವುದಿಲ್ಲ. ಮಂಗಳೂರಿನ ಸಿಟಿ ಬಸ್ಸೆಂದರೆ ಪ್ರಾಣ. ಕಂಡಕ್ಟರ್ ಸ್ಟಾಪುಗಳ ಹೆಸರು ಕೂಗುವ ಧಾಟಿಯಲ್ಲೇ “ಸ್ಟೇಟ್ ಬ್ಯಾಂಕ್, ಹಂಪನಕಟ್ಟೆ, ಜ್ಯೋತಿ, ಮಲ್ಲಿಕಟ್ಟೆ, ನಂತೂರು” ಎಂದು ದಿನವಿಡೀ ಹೇಳಿಕೊಳ್ಳುತ್ತಿರುತ್ತಾನೆ.

ಕಳೆದ ವಾರ ಸಮವಸ್ತ್ರ ತೊಟ್ಟು, ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದಾಗ ಜಿಲ್ಲಾಧಿಕಾರಿಗಳು ಮಳೆ ರಜೆ ಘೋಷಿಸಿದ ಸುದ್ದಿ ಬಂತು. ಓಣಿಯ ಮಕ್ಕಳೆಲ್ಲ ಕುಣಿಯುತ್ತಿದ್ದರೆ ನನ್ನ ಮಗ ಬ್ಯಾಗು ಕೆಳಗಿಡಲು ಒಪ್ಪದೆ ಕಿರುಚತೊಡಗಿದ, ತನ್ನ ಮುಂಗೈಯನ್ನೇ ಕಚ್ಚಿಕೊಂಡ, ಸಮಾಧಾನ ಮಾಡಲು ಬಂದ ತಂಗಿಯನ್ನು ದೂಡಿ ಬೀಳಿಸಿದ. ಇಂಥದ್ದು ಈಗ ವಾರಕ್ಕೊಮ್ಮೆಯಾದರೂ ಆಗುತ್ತಿದೆ. ದೃಷ್ಟಿಯಾಗಿದೆ ಎಂದು ಅತ್ತೆ ನೆಟಿಗೆ ತೆಗೆಯುತ್ತಾರೆ, ಎರಡು ಪೆಟ್ಟು ಬಿದ್ದರೆ ಸರಿಹೋಗುತ್ತಾನೆ ಎಂದು ಮಾವ ಹೇಳುತ್ತಾರೆ.

ನವರಾತ್ರಿಗೆ ನಮ್ಮ ಓಣಿಗೆ ಹುಲಿವೇಷದ ತಂಡಗಳು ಬರುತ್ತವೆ. ತಾಸೆ ಎಂಬ ಚರ್ಮವಾದ್ಯದ ಪೆಟ್ಟು, ಅದರ ಮೇಲೆ ಗರ್ನಾಲು ಎಂಬ ಭಾರೀ ಸದ್ದಿನ ಪಟಾಕಿ. ಅದನ್ನು ನೆನೆದರೆ ಈಗಲೇ ಎದೆ ನಡುಗುತ್ತದೆ. ಸಿಟ್ಟು ಬರುತ್ತಿದೆ ಎಂದು ಅವನಿಗೇ ಮೊದಲು ತಿಳಿಯುವಂತೆ ಕಲಿಸಲು ಸಾಧ್ಯವೇ? ಬಂದ ಮೇಲೆ ನಾವು ಏನು ಮಾಡಬೇಕು?

ಉಡುಪಿಯ ತಂದೆ

ಅಕ್ಕ, ನನ್ನ ಮಗಳಿಗೆ ಹದಿಮೂರು. ಹಠಕ್ಕೂ ಮೆಲ್ಟ್‌ಡೌನ್‌ಗೂ (ಸಹಿಸಲಾಗದೆ ಮಗು ಹಿಡಿತ ತಪ್ಪುವುದಕ್ಕೂ) ಇರುವ ವ್ಯತ್ಯಾಸ ಮನೆಯ ಹಿರಿಯರಿಗೆ ಮನವರಿಕೆಯಾದರೆ ನಿಮ್ಮ ಅರ್ಧ ಭಾರ ಇಳಿಯುತ್ತದೆ. ಹಠದಲ್ಲಿರುವ ಮಗು ನಡುನಡುವೆ ನಮ್ಮ ಮುಖ ನೋಡುತ್ತದೆ, ಕೇಳಿದ್ದು ಕೈಗೆ ಸಿಕ್ಕಿದೊಡನೆ ಅಳು ನಿಲ್ಲಿಸುತ್ತದೆ. ಮೆಲ್ಟ್‌ಡೌನ್‌ನಲ್ಲಿರುವ ಮಗುವಿಗೆ ಕೇಳಿದ್ದನ್ನೇ ತಂದುಕೊಟ್ಟರೂ ನಿಲ್ಲಿಸಲು ಆಗುವುದಿಲ್ಲ. ಹಠವಾಗಿ ಶುರುವಾದದ್ದು ಮೆಲ್ಟ್‌ಡೌನ್ ಆಗಿ ಮುಗಿಯುವುದೂ ಉಂಟು. ಹಾಗಾಗಿ ಎರಡರ ನಡುವೆ ಗೆರೆ ಎಳೆಯಲು ಹೆಚ್ಚು ಹೊತ್ತು ಕಳೆಯಬೇಡಿ.

ನನ್ನ ಮಗಳು ಕಿರುಚುವವಳಲ್ಲ. ಸಹಿಸಲಾಗದಿದ್ದಾಗ ಅವಳ ಮಾತು ನಿಂತುಹೋಗುತ್ತದೆ, ಊಟದ ಮೇಜಿನ ಕೆಳಗೆ ಹೋಗಿ ಕುಳಿತುಬಿಡುತ್ತಾಳೆ. ಇದಕ್ಕೆ ಶಟ್‌ಡೌನ್ ಎನ್ನುತ್ತಾರೆ. ನೆಂಟರು “ಎಷ್ಟು ಪಾಪದ ಹುಡುಗಿ” ಎಂದು ಹೊಗಳುತ್ತಾರೆ, ಆದರೆ ಒಳಗಿನ ಸಂಕಟ ನಿಮ್ಮ ಮಗನದಕ್ಕಿಂತ ಕಡಿಮೆಯದೇನೂ ಅಲ್ಲ.

ಮಳೆ ರಜೆಯ ವಿಷಯಕ್ಕೆ ಬಂದರೆ, ನಾವು ಜೂನ್ ತಿಂಗಳಲ್ಲೇ ಎರಡು ಚಿತ್ರಪಟ್ಟಿಗಳನ್ನು ಮಾಡಿ ಗೋಡೆಗೆ ಅಂಟಿಸುತ್ತೇವೆ. ಒಂದು ಶಾಲೆಯ ದಿನದ್ದು, ಇನ್ನೊಂದು ಮಳೆ ರಜೆಯ ದಿನದ್ದು. ಜೋರು ಮಳೆಯ ರಾತ್ರಿ ಎರಡರ ಮೇಲೂ ಪ್ರಶ್ನಾರ್ಥಕ ಚಿಹ್ನೆಯ ಚೀಟಿ ಅಂಟಿಸಿ, “ನಾಳೆ ಇದಾಗಬಹುದು, ಅದೂ ಆಗಬಹುದು, ಬೆಳಗ್ಗೆ ಗೊತ್ತಾಗುತ್ತದೆ” ಎಂದು ಹೇಳಿ ಮಲಗಿಸುತ್ತೇವೆ. ರಜೆಯ ದಿನದ ಪಟ್ಟಿಯಲ್ಲಿಯೂ ಶಾಲೆಯ ದಿನದಷ್ಟೇ ಖಚಿತವಾದ ಕೆಲಸಗಳಿರಬೇಕು, ಇಲ್ಲವಾದರೆ ಖಾಲಿ ದಿನವೇ ಅವಳಿಗೆ ಭಯ ಹುಟ್ಟಿಸುತ್ತದೆ.

ಗುಡುಗಿಗೂ ಒಂದು ದಾರಿ ಕಂಡುಕೊಂಡಿದ್ದೇವೆ. ಅವಳಿಗೆ ಅಂಕೆಗಳೆಂದರೆ ಇಷ್ಟ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುವುದರಿಂದ, ಮಿಂಚು ಕಂಡ ಮೇಲೆ ಪ್ರತಿ ಮೂರು ಸೆಕೆಂಡಿಗೆ ಒಂದು ಕಿಲೋಮೀಟರಿನಂತೆ ದೂರ ಲೆಕ್ಕ ಹಾಕಬಹುದು. ಅವಳು ಎಣಿಸಿ, “ಒಂಬತ್ತು ಸೆಕೆಂಡು, ಮೂರು ಕಿಲೋಮೀಟರ್” ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ. ಭಯ ಹೋಗಿಲ್ಲ; ಆದರೆ ಆ ಶಬ್ದಕ್ಕಾಗಿ ಕಾಯುವ ಹೊತ್ತಿನಲ್ಲಿ ಅವಳಿಗೆ ಮಾಡಲು ಒಂದು ಕೆಲಸವಿದೆ.

ಕಾರ್ಕಳದ ನಿವೃತ್ತ ಶಿಕ್ಷಕರು

ನಾನು ಹಳೆಯ ಕಾಲದವನು, ತಪ್ಪು ತಿಳಿಯಬಾರದು. ಮಕ್ಕಳಿಗೆ ಬರುವ ಪ್ರತಿಯೊಂದು ಕಷ್ಟವನ್ನೂ ಮೊದಲೇ ಊಹಿಸಿ ದಾರಿಯಿಂದ ಸರಿಸುತ್ತಾ ಹೋದರೆ ಅವರು ನಾಳೆ ಲೋಕವನ್ನು ಎದುರಿಸುವುದು ಹೇಗೆ? ಗರ್ನಾಲು ಯಾರ ಮಗುವಿಗಾಗಿಯೂ ನಿಲ್ಲುವುದಿಲ್ಲ, ಮಳೆಯಂತೂ ಯಾರನ್ನೂ ಕೇಳಿ ಬರುವುದಿಲ್ಲ. ಹೊಡೆಯಬೇಕೆಂದು ನಾನು ಹೇಳುತ್ತಿಲ್ಲ, ಆದರೆ ತಂಗಿಯನ್ನು ದೂಡಿದ ಮಗುವಿಗೆ ಅದು ತಪ್ಪೆಂದು ಅಲ್ಲೇ, ಆಗಲೇ ತಿಳಿಸದಿದ್ದರೆ ಆ ಹೆಣ್ಣುಮಗುವಿಗೆ ನ್ಯಾಯವಾದರೂ ಎಲ್ಲಿ ಸಿಗುತ್ತದೆ?

ಆಕ್ಯುಪೇಷನಲ್ ಥೆರಪಿಸ್ಟ್, ಮಂಗಳೂರು

ಮಾಸ್ಟ್ರೇ, ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ದೂಡುವುದು ತಪ್ಪೆಂಬ ನಿಯಮ ಆಟಿಸಂ ಇರುವ ಮಗುವಿಗೂ ಇರಬೇಕು. ಆದರೆ “ಆಗಲೇ” ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಕಿರುಚಾಟ ತುದಿ ಮುಟ್ಟಿದಾಗ ಮಗು ಮಾತನ್ನು ಅರ್ಥ ಮಾಡಿಕೊಳ್ಳುವ ಸ್ಥಿತಿಯಲ್ಲಿ ಇರುವುದಿಲ್ಲ. ಆಗ ಆಡಿದ ಪ್ರತಿಯೊಂದು ಮಾತೂ ಅದಕ್ಕೆ ಇನ್ನೊಂದು ಶಬ್ದವಾಗಿ ಮಾತ್ರ ಕೇಳಿಸುತ್ತದೆ. ನಂತೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಬಸ್ಸಿಗೆ ಹಿಂದಿನಿಂದ ಹಾರನ್ ಹೊಡೆದಂತೆ, ಗದ್ದಲ ಹೆಚ್ಚುತ್ತದೆಯೇ ಹೊರತು ಬಸ್ಸು ಮುಂದೆ ಹೋಗುವುದಿಲ್ಲ. ಪೆಟ್ಟಿನಿಂದ ಕೆಲವೊಮ್ಮೆ ಮಗು ಸುಮ್ಮನಾಗುವುದು ನಿಜ. ಆ ಭಯದಿಂದ ಅದು ಕಲಿಯುವುದೇನೆಂದರೆ ಸಿಟ್ಟಿನ ಮೊದಲ ಲಕ್ಷಣಗಳನ್ನು ಮುಚ್ಚಿಡುವುದನ್ನು. ಆ ಲಕ್ಷಣಗಳೇ ನಮಗಿರುವ ಹಿಡಿಕೆ. ಅವು ಮರೆಯಾದರೆ ಮುಂದಿನ ಬಾರಿ ಯಾವ ಮುನ್ಸೂಚನೆಯೂ ಇಲ್ಲದೆ ಸ್ಫೋಟವಾಗುತ್ತದೆ.

ತಾಯಿಯವರ ಪ್ರಶ್ನೆಗೆ ಬರುತ್ತೇನೆ. ಮಕ್ಕಳು ತಮ್ಮನ್ನು ತಾವೇ ಸಮಾಧಾನ ಮಾಡಿಕೊಳ್ಳಲು ಕಲಿಯುವುದು, ದೊಡ್ಡವರೊಬ್ಬರು ತಮ್ಮ ಪಕ್ಕದಲ್ಲಿ ಶಾಂತವಾಗಿದ್ದು ಸಮಾಧಾನ ಮಾಡಿದ ಅನುಭವ ಮತ್ತೆ ಮತ್ತೆ ಆದ ಮೇಲೆ. ಆಟಿಸಂ ಇರುವ ಮಕ್ಕಳಿಗೆ ಈ ಆಸರೆ ಹೆಚ್ಚು ವರ್ಷಗಳವರೆಗೆ ಬೇಕಾಗುತ್ತದೆ. ಆದ್ದರಿಂದ ಎಂಟು ವರ್ಷದವನು ಒಬ್ಬನೇ ಕೋಣೆಗೆ ಹೋಗಿ ಸಮಾಧಾನವಾಗಿ ಬರಲಿ ಎಂದು ಈಗಲೇ ನಿರೀಕ್ಷಿಸಬೇಡಿ.

ಮೊದಲು ಎರಡು ಮೂರು ವಾರ ಬರೆದಿಡುವ ಕೆಲಸ ಮಾಡಿ. ಸಿಟ್ಟು ಬಂದ ದಿನ ಎಷ್ಟು ಗಂಟೆಗೆ, ಅದಕ್ಕೆ ಅರ್ಧ ಗಂಟೆ ಮೊದಲು ಎಲ್ಲಿದ್ದ, ಏನು ತಿಂದಿದ್ದ, ಎಷ್ಟು ನಿದ್ರೆ ಮಾಡಿದ್ದ, ಯಾವ ಶಬ್ದವಿತ್ತು, ಕೊನೆಗೆ ಯಾವುದರಿಂದ ಶಾಂತವಾದ ಎಂಬುದಷ್ಟೇ ಸಾಕು. ಕಾರಣ ಅನೇಕ ಬಾರಿ ಕಣ್ಣಿಗೆ ಕಂಡ ಕೊನೆಯ ಘಟನೆಯಲ್ಲಿ ಇರುವುದಿಲ್ಲ. ಒದ್ದೆ ಸಾಕ್ಸು, ಪಕ್ಕದ ಮನೆಯ ಗ್ರೈಂಡರು, ಶಾಲಾ ವ್ಯಾನಿನ ಹಾರನ್ನು, ಎಲ್ಲವೂ ಒಂದರ ಮೇಲೊಂದು ಸೇರಿ, ಬಿಸ್ಕತ್ತು ಮುರಿದದ್ದು ನೆಪವಾಗಿರುತ್ತದೆ. ಬರೆಯುವಾಗ ಇದನ್ನೂ ಗಮನಿಸಿ: ಸಿಟ್ಟು ಬರುವ ಮುನ್ನ ಅವನು ಬಸ್‌ಸ್ಟಾಪುಗಳ ಹೆಸರು ಹೇಳುವ ರೀತಿ ಬದಲಾಗುತ್ತದೆಯೇ?

ಎರಡನೆಯದು ದೇಹದ ಗುರುತು. ತಮ್ಮ ಭಾವನೆಯನ್ನು ಗುರುತಿಸಿ ಹೆಸರಿಸುವುದು ಆಟಿಸಂ ಇರುವ ಅನೇಕರಿಗೆ ಕಷ್ಟ. 2019ರಲ್ಲಿ ಪ್ರಕಟವಾದ ಒಂದು ವಿಮರ್ಶಾ ಅಧ್ಯಯನದ ಪ್ರಕಾರ ಸುಮಾರು ಅರ್ಧದಷ್ಟು ಜನರಲ್ಲಿ ಈ ತೊಡಕು ಇರುತ್ತದೆ, ಆಟಿಸಂ ಇಲ್ಲದವರಲ್ಲಿ ಅದು ಶೇಕಡಾ 5ರ ಆಸುಪಾಸು. ಆದ್ದರಿಂದ ನಗುವ ಮುಖ, ಅಳುವ ಮುಖದ ಚಾರ್ಟು ತೋರಿಸಿ “ಇದು ಸಿಟ್ಟು” ಎಂದು ಬಾಯಿಪಾಠ ಮಾಡಿಸಿದರೆ ಚಾರ್ಟಿನ ಹೆಸರು ಬರುತ್ತದೆ, ತನ್ನ ಸಿಟ್ಟು ತಿಳಿಯುವುದಿಲ್ಲ. ಅಂಗಳದಲ್ಲಿ ಓಡಿಸಿ, ಕೂಡಲೇ ಅವನ ಅಂಗೈಯನ್ನು ಅವನ ಎದೆಯ ಮೇಲಿಡಿ, “ಡಬ್ ಡಬ್, ಜೋರು” ಎನ್ನಿ. ಮುಷ್ಟಿ ಬಿಗಿಯಾಗಿ ಹಿಡಿಸಿ, ಸಡಿಲ ಬಿಡಿಸಿ. ಐಸ್‌ತುಂಡು ಕೈಯಲ್ಲಿಡಿ. ಇವೆಲ್ಲ ಆಟದಂತೆ, ಖುಷಿಯ ಹೊತ್ತಿನಲ್ಲಿ ನಡೆಯಬೇಕು. ನಿಮ್ಮ ಮನೆಮಾತು ತುಳುವಾದರೆ ಇದನ್ನೆಲ್ಲ ತುಳುವಿನಲ್ಲೇ ಹೇಳಿ. ಒಂದಕ್ಕಿಂತ ಹೆಚ್ಚು ಭಾಷೆಗಳಿಂದ ಆಟಿಸಂ ಇರುವ ಮಕ್ಕಳಿಗೆ ಹಾನಿಯಾಗುತ್ತದೆ ಎಂದು ಅಧ್ಯಯನಗಳು ತೋರಿಸಿಲ್ಲ, ಮನೆಯವರೆಲ್ಲ ಇಂಗ್ಲಿಷಿಗೆ ಬದಲಾಗಿ ಎಂಬ ಸಲಹೆಯನ್ನು ನಾನು ಯಾರಿಗೂ ಕೊಡುವುದಿಲ್ಲ.

ಮೂರನೆಯದು ಮಾಪಕ. ಭಾವನೆಯ ಏರಿಕೆಯನ್ನು ಬಣ್ಣಗಳಲ್ಲಿ ಅಥವಾ ಒಂದರಿಂದ ಐದರವರೆಗಿನ ಅಂಕೆಗಳಲ್ಲಿ ತೋರಿಸುವ ಕ್ರಮ ಚಾಲ್ತಿಯಲ್ಲಿದೆ. ನಿಮ್ಮ ಮಗನಿಗೆ ಅದಕ್ಕಿಂತ ಒಳ್ಳೆಯದು ಅವನ ಬಾಯಲ್ಲೇ ಇದೆ. ಐದು ಸ್ಟಾಪುಗಳ ಒಂದು ಉದ್ದನೆಯ ಪಟ್ಟಿ ಮಾಡಿ, ರಟ್ಟಿನ ಬಸ್ಸು ಅದರ ಮೇಲೆ ಜಾರುವಂತಿರಲಿ. ಸ್ಟೇಟ್ ಬ್ಯಾಂಕಿನಲ್ಲಿ ದೇಹ ಹಗುರ, ಮಾತು ನಿಧಾನ. ಹಂಪನಕಟ್ಟೆಯಲ್ಲಿ ಕಾಲು ಸುಮ್ಮನಿರುವುದಿಲ್ಲ. ಜ್ಯೋತಿಯಲ್ಲಿ ಕಿವಿ ಬಿಸಿ, ಮುಷ್ಟಿ ಬಿಗಿ. ಮಲ್ಲಿಕಟ್ಟೆಯಲ್ಲಿ ಕೂಗು ಬರುತ್ತದೆ. ನಂತೂರಿನಲ್ಲಿ ಎಲ್ಲವೂ ಜಾಮ್. ಪ್ರತಿ ಸ್ಟಾಪಿನ ಕೆಳಗೆ ಅಲ್ಲಿ ಏನು ಮಾಡಬಹುದು ಎಂಬುದರ ಚಿತ್ರವಿರಲಿ; ಜ್ಯೋತಿಯಲ್ಲಿ ಇಳಿದರೆ ಜೋಕಾಲಿಗೆ ಹೋಗಬಹುದು, ಗಿಡಗಳಿಗೆ ಬಕೆಟಿನಲ್ಲಿ ನೀರು ಹೊತ್ತು ಹಾಕಬಹುದು, ಚಾಪೆಯಲ್ಲಿ ಸುತ್ತಿಕೊಂಡು ಮಲಗಬಹುದು. ಚಾಪೆಯಿಂದ ತಲೆ ಯಾವಾಗಲೂ ಹೊರಗಿರಬೇಕು, ಅವನಾಗಿಯೇ ಬಿಡಿಸಿಕೊಳ್ಳಲು ಆಗುವಷ್ಟು ಸಡಿಲವಿರಬೇಕು. ಭಾರ ಎತ್ತುವ, ಎಳೆಯುವ, ತಳ್ಳುವ ಕೆಲಸ ಅನೇಕ ಮಕ್ಕಳ ದೇಹವನ್ನು ತಣಿಸುತ್ತದೆ. ಬಾವಿಯಿರುವ ಮನೆಯಾದರೆ ನಿಮ್ಮೊಡನೆ ಹಗ್ಗ ಹಿಡಿದು ನೀರು ಸೇದಲಿ. ಅಂಗಡಿಗಳಲ್ಲಿ ಮಾರುವ ದುಬಾರಿ ಭಾರದ ಹೊದಿಕೆಗೆ ಹಣ ಸುರಿಯುವ ಅವಸರ ಬೇಡ. 2014ರ ಬ್ರಿಟನ್ನಿನ ಅಧ್ಯಯನದಲ್ಲಿ ಅದರಿಂದ ಮಕ್ಕಳ ನಿದ್ರೆ ಹೆಚ್ಚಾದದ್ದು ಕಂಡುಬರಲಿಲ್ಲ, ಮಕ್ಕಳಿಗೆ ಅದು ಇಷ್ಟವಾದದ್ದು ಮಾತ್ರ ನಿಜ.

ಮನೆಯವರೂ ಈ ಪಟ್ಟಿಯನ್ನು ಬಳಸಬೇಕು. “ಅಮ್ಮನ ಫೋನು ಕಾಣುತ್ತಿಲ್ಲ, ಅಮ್ಮ ಈಗ ಹಂಪನಕಟ್ಟೆಯಲ್ಲಿದ್ದಾಳೆ” ಎಂದು ನೀವು ಬಸ್ಸನ್ನು ಸರಿಸಿದಾಗ, ಇದು ತನ್ನನ್ನು ಅಳೆಯಲು ಮಾಡಿದ ಉಪಾಯವೆಂಬ ಸಂಶಯ ಅವನಿಗೆ ಬರುವುದಿಲ್ಲ.

ಇಷ್ಟಾದರೂ ನಂತೂರು ಮುಟ್ಟುವ ದಿನ ಬರುತ್ತದೆ. ಆಗ ಪಾಠ ಬೇಡ. ತಂಗಿಯನ್ನು ಮೊದಲು ಬೇರೆ ಕೋಣೆಗೆ ಕಳುಹಿಸಿ, ಟಿವಿ ಆರಿಸಿ, ಲೈಟು ಕಡಿಮೆ ಮಾಡಿ, ಒಬ್ಬರು ಮಾತ್ರ ಹತ್ತಿರ ಇರಿ. ಎದುರಿಗೆ ನಿಲ್ಲುವ ಬದಲು ಓರೆಯಾಗಿ ಕುಳಿತುಕೊಳ್ಳಿ. “ನಾನಿದ್ದೇನೆ” ಎಂಬಷ್ಟು ಚಿಕ್ಕ ಮಾತು ಸಾಕು. ಕೈ ಕಚ್ಚುತ್ತಿದ್ದರೆ ಮಡಿಸಿದ ಬೈರಾಸನ್ನು (ಟವೆಲನ್ನು) ಬಾಯಿಗೆ ಸಿಗುವಂತೆ ಕೊಡಿ. ಬೋರಲು ಕೆಡಹಿ ಹಿಡಿಯುವುದು, ಮೇಲೆ ಕುಳಿತು ಅದುಮುವುದು ಉಸಿರಿಗೇ ಅಪಾಯ, ಯಾರೂ ಹಾಗೆ ಮಾಡಕೂಡದು. ಶಾಂತವಾದ ಮೇಲೆ ನೀರು ಕೊಡಿ, ಆ ದಿನ ಸುಮ್ಮನಿರಿ. ಮಾಸ್ಟ್ರು ಹೇಳಿದ ನ್ಯಾಯ ಮರುದಿನದ್ದು: ಬಿದ್ದ ತಂಗಿಯ ಚಿತ್ರ ಬರೆದು ತೋರಿಸಿ, ಅವಳಿಗೆ ನೋವಾಯಿತೆಂದು ಹೇಳಿ, ಅವಳ ಆಟಿಕೆ ಮುರಿದಿದ್ದರೆ ಅದನ್ನು ಅವನ ಕೈಯಿಂದಲೇ ಅಂಟಿಸಿ ಕೊಡಿಸಿ.

ಮಣಿಪಾಲದ ವಿದ್ಯಾರ್ಥಿ

ನಾನು ಆಟಿಸಂ ಇರುವವನು, ಈಗ ಕಾಲೇಜಿನಲ್ಲಿ ಓದುತ್ತಿದ್ದೇನೆ. ಥೆರಪಿಸ್ಟರು ಹೇಳಿದ್ದರಲ್ಲಿ ಬಹುಪಾಲು ನನಗೆ ಒಪ್ಪಿಗೆಯಿದೆ, ಆದರೆ ಇಲ್ಲಿ ಯಾರೂ ಕೇಳದ ಒಂದು ಪ್ರಶ್ನೆಯಿದೆ. ಮಗು ಒಳಗೂ ಶಾಂತವಾಗಬೇಕೆಂದು ನಾವು ಬಯಸುತ್ತಿದ್ದೇವೆಯೇ, ಇಲ್ಲವೇ ನೋಡುವವರಿಗೆ ಶಾಂತವಾಗಿ ಕಂಡರೆ ಸಾಕೇ?

ಶಾಲೆಯಲ್ಲಿ ನಾನು ಎರಡನೆಯದನ್ನು ಕಲಿತೆ. ಕೈ ಅಲ್ಲಾಡಿಸುವುದನ್ನು ನಿಲ್ಲಿಸಿದೆ, ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಿದೆ, ರಿಪೋರ್ಟ್ ಕಾರ್ಡಿನಲ್ಲಿ “ಬಹಳ ಸುಧಾರಿಸಿದ್ದಾನೆ” ಎಂದು ಬರೆದರು. ಮನೆಗೆ ಬಂದ ಮೇಲೆ ಚಪ್ಪಲಿ ಕಳಚುವ ಮೊದಲೇ ಎಲ್ಲವೂ ಒಡೆಯುತ್ತಿತ್ತು. ಶಾಲೆಯವರು “ನಮ್ಮಲ್ಲಿ ಏನೂ ತೊಂದರೆಯಿಲ್ಲ, ನೀವೇ ಮುದ್ದು ಮಾಡಿ ಕೆಡಿಸಿದ್ದೀರಿ” ಎಂದು ಅಮ್ಮನನ್ನೇ ದೂರಿದರು. ನಿಮ್ಮ ಮಗ ಬಸ್‌ಸ್ಟಾಪು ಹೇಳಿಕೊಳ್ಳುವುದು, ಕೈ ಆಡಿಸುವುದು, ತೂಗಾಡುವುದು ಅವನು ತನ್ನನ್ನು ಹಿಡಿದಿಟ್ಟುಕೊಳ್ಳುವ ಕ್ರಮ. ಯಾರಿಗೂ ಪೆಟ್ಟಾಗದಿದ್ದರೆ ಅದನ್ನು ಬಿಡಿಸಲು ಹೋಗಬೇಡಿ.

ಶಾಲೆಯಿಂದ ಬಂದ ಮೊದಲ ಹೊತ್ತಿನಲ್ಲಿ ಪ್ರಶ್ನೆಗಳನ್ನು ಕೇಳದಿರುವುದು ಒಂದು ದೊಡ್ಡ ಉಪಕಾರ. “ಇವತ್ತು ಏನು ಕಲಿಸಿದರು” ಎಂಬುದಕ್ಕೆ ರಾತ್ರಿ ಉತ್ತರ ಸಿಕ್ಕರೂ ಆಗುತ್ತದೆ.

ಇನ್ನೊಂದು ವಿಷಯವೆಂದರೆ, ನಮಗೆ ಬೇರೆಯವರ ಮನಸ್ಸು ತಿಳಿಯುವುದಿಲ್ಲ ಎಂದು ಎಲ್ಲೆಡೆ ಬರೆಯುತ್ತಾರೆ. ಸ್ವತಃ ಆಟಿಸಂ ಇರುವ ಬ್ರಿಟಿಷ್ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಇದನ್ನು ತಿರುಗಿಸಿ ನೋಡಿದರು: ತಿಳಿಯದಿರುವುದು ಎರಡೂ ಕಡೆಯದು, ಆಟಿಸಂ ಇಲ್ಲದವರಿಗೂ ನಮ್ಮ ಮನಸ್ಸು ಅಷ್ಟೇ ಅಪರಿಚಿತ. ಮಾಸ್ಟ್ರು ಲೋಕವನ್ನು ಎದುರಿಸುವ ಮಾತು ಹೇಳಿದರು. ನಾವು ದಿನವೂ ಅದನ್ನೇ ಮಾಡುತ್ತಿದ್ದೇವೆ ಸರ್. ಒಂದು ತರಗತಿ, ಅದರ ಫ್ಯಾನಿನ ಕರಕರ, ಅದರ ಟ್ಯೂಬ್‌ಲೈಟಿನ ಮಿಣುಕು, ಇವೇ ನಮಗೆ ಲೋಕದ ಎದುರಾಟ.

ಮಕ್ಕಳ ವೈದ್ಯೆ, ಉಡುಪಿ ಜಿಲ್ಲೆ

ಸಿಟ್ಟು ಇದ್ದಕ್ಕಿದ್ದಂತೆ ಹೆಚ್ಚಾಗಿದ್ದರೆ ಥೆರಪಿಗಿಂತ ಮೊದಲು ದೇಹವನ್ನು ಪರೀಕ್ಷಿಸಿ. ಹಲ್ಲಿನ ಹುಳುಕು, ಕಿವಿ ಸೋರುವಿಕೆ, ತಲೆನೋವು, ಎಲ್ಲಕ್ಕಿಂತ ಹೆಚ್ಚಾಗಿ ಮಲಬದ್ಧತೆ, ಇವು ಮಾತು ಕಡಿಮೆಯಿರುವ ಮಕ್ಕಳಲ್ಲಿ ನೋವೆಂದು ಹೊರಬರದೆ ಸಿಟ್ಟಾಗಿ ಹೊರಬರುತ್ತವೆ. ತಿನ್ನುವುದರಲ್ಲಿ ಬಹಳ ಆಯ್ಕೆ ಮಾಡುವ ಮಕ್ಕಳು ನೀರು, ತರಕಾರಿ ಕಡಿಮೆ ತೆಗೆದುಕೊಳ್ಳುವುದರಿಂದ ಮಲಬದ್ಧತೆ ಸಾಮಾನ್ಯ. ಮಗು ಕ್ಷಣಕಾಲ ಶೂನ್ಯದತ್ತ ನೋಡುತ್ತಾ ಕರೆದರೂ ಓಗೊಡದಿದ್ದರೆ ವೈದ್ಯರಿಗೆ ಹೇಳಿ, ಏಕೆಂದರೆ ಆಟಿಸಂ ಇರುವ ಮಕ್ಕಳಲ್ಲಿ ಅಪಸ್ಮಾರ ಉಳಿದ ಮಕ್ಕಳಿಗಿಂತ ಹೆಚ್ಚು ಕಾಣಿಸಿಕೊಳ್ಳುತ್ತದೆ.

ಔಷಧದ ಬಗ್ಗೆ ಎಲ್ಲರೂ ಕೇಳುತ್ತಾರೆ. ಆಟಿಸಂಗೆ ಔಷಧವಿಲ್ಲ. ತೀವ್ರ ಕೆರಳುವಿಕೆ ಮತ್ತು ಸ್ವಯಂಗಾಯಕ್ಕೆ ರಿಸ್ಪೆರಿಡೋನ್ (ಅಮೆರಿಕದಲ್ಲಿ 2006ರಿಂದ ಅನುಮೋದಿತ) ಮತ್ತು ಅರಿಪಿಪ್ರಜೋಲ್ (2009ರಿಂದ) ಬಳಕೆಯಲ್ಲಿವೆ. ತೂಕ ಏರುವುದು, ತೂಕಡಿಕೆ ಮೊದಲಾದ ಅಡ್ಡಪರಿಣಾಮಗಳಿರುವುದರಿಂದ ಮನೋವೈದ್ಯರ ಅಥವಾ ನುರಿತ ಮಕ್ಕಳ ತಜ್ಞರ ನಿಗಾ ಇಲ್ಲದೆ ಕೊಡಬಾರದು, ಅವರನ್ನು ಕೇಳದೆ ನಿಲ್ಲಿಸಲೂಬಾರದು. ಈ ಮಾತ್ರೆ ಏರಿದ ಉರಿಯನ್ನು ತಗ್ಗಿಸಬಹುದು, ಮಗುವಿಗೆ ತನ್ನ ಭಾವನೆಯನ್ನು ಸಂಭಾಳಿಸಲು ಕಲಿಸುವುದಿಲ್ಲ. ಖರ್ಚಿನ ಚಿಂತೆಯಿರುವವರು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಮಕ್ಕಳ ಆರೋಗ್ಯ ತಪಾಸಣೆ ಮತ್ತು ಚಿಕಿತ್ಸೆಗೆಂದು ಸರ್ಕಾರ ನಡೆಸುವ 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳಿಗೆ ಅನ್ವಯಿಸುತ್ತದೆ. ಮತ್ತು ತಾಯಿಯವರೇ, ನೀವು ಮಲಗುತ್ತಿದ್ದೀರಾ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಪೋಷಕರೂ ಕರೆ ಮಾಡಬಹುದು, ಅದು ಉಚಿತ, ಹಗಲೂ ರಾತ್ರಿಯೂ ಇರುತ್ತದೆ.

ಕಾವೂರಿನ ತಾಯಿ (ಸೆಪ್ಟೆಂಬರ್)

ಎಲ್ಲರಿಗೂ ಉತ್ತರಿಸಲು ತಡವಾಯಿತು. ಪರೀಕ್ಷೆ ಮಾಡಿಸಿದಾಗ ಎರಡು ಹಲ್ಲು ಹುಳುಕಾಗಿದ್ದುದು ಗೊತ್ತಾಯಿತು, ಅದಕ್ಕೆ ಚಿಕಿತ್ಸೆ ಆಗಿದೆ. ಬರೆದಿಟ್ಟದ್ದನ್ನು ನೋಡಿದರೆ ಹೆಚ್ಚಿನ ಸಿಟ್ಟು ಸಂಜೆ ನಾಲ್ಕರಿಂದ ಐದರೊಳಗೆ, ಅಂದರೆ ಶಾಲೆಯಿಂದ ಬಂದ ಕೂಡಲೇ ನಾನು ಹೋಂವರ್ಕ್ ತೆಗೆಸುವ ಹೊತ್ತಿನಲ್ಲಿ.

ಸ್ಟಾಪುಗಳ ವಿಷಯ ನಿಜ. ಸಮಾಧಾನವಿರುವಾಗ ಐದೂ ಹೆಸರುಗಳನ್ನು ರಾಗವಾಗಿ, ಕೊನೆಯಲ್ಲಿ “ರೈಟ್, ರೈಟ್” ಸೇರಿಸಿ ಹೇಳುತ್ತಾನೆ. ಸಿಟ್ಟು ಬರುವ ಮೊದಲು “ಸ್ಟೇಟ್ ಬ್ಯಾಂಕ್ ಹಂಪನಕಟ್ಟೆ, ಸ್ಟೇಟ್ ಬ್ಯಾಂಕ್ ಹಂಪನಕಟ್ಟೆ” ಎಂದು ಎರಡನ್ನೇ ಉಸಿರು ತೆಗೆದುಕೊಳ್ಳದೆ ಹೇಳುತ್ತಾ ಅಂಗಿಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾನೆ. ಇಷ್ಟು ವರ್ಷ ಅದನ್ನು ಕೇಳಿಯೂ ಬೇರೆಬೇರೆಯೆಂದು ಹೊಳೆದಿರಲಿಲ್ಲ.

ರಟ್ಟಿನ ಬಸ್ಸು ಮಾಡಿದೆವು. ಮೊದಲು ಅದನ್ನು ಸುಮ್ಮನೆ ಓಡಿಸಿ ಆಡಿದ, ಅಷ್ಟೇ. ನಂತರ ಒಂದು ಸಂಜೆ ಕುಕ್ಕರಿನ ಸೀಟಿ ಕೇಳಿದಾಗ ಬಸ್ಸನ್ನು ಜ್ಯೋತಿಗೆ ತಂದಿಟ್ಟು ಜೋಕಾಲಿಗೆ ಓಡಿದ. ಅವನ ಅಜ್ಜನೇ ಹೋಗಿ ತೂಗಿದರು. ಆದರೆ ಈಗ ಹೊಸ ಸಮಸ್ಯೆ ಎದುರಾಗಿದೆ: ಗಣಿತದ ಪುಸ್ತಕ ತೆಗೆದರೆ ಸಾಕು, “ಜ್ಯೋತಿ, ಜ್ಯೋತಿ, ಬೊಡ್ಚಿ (ಬೇಡ)” ಎನ್ನುತ್ತಾನೆ. ಮುಖದಲ್ಲಿ ಸಿಟ್ಟಿನ ಗುರುತೇ ಇರುವುದಿಲ್ಲ. ಇದು ಕಳ್ಳಾಟವಲ್ಲವೇ? ಒಪ್ಪಿಕೊಳ್ಳಬೇಕೇ?

ಆಕ್ಯುಪೇಷನಲ್ ಥೆರಪಿಸ್ಟ್, ಮಂಗಳೂರು

ಒಪ್ಪಿಕೊಳ್ಳಿ. ಕೈ ಕಚ್ಚಿಕೊಂಡು ಹೇಳುತ್ತಿದ್ದುದನ್ನು ಈಗ ಮಾತಿನಲ್ಲಿ ಹೇಳುತ್ತಿದ್ದಾನೆ, ನನಗಿದು ಸಂತೋಷದ ಸುದ್ದಿ. ಆರಂಭದ ಕೆಲವು ವಾರ ಪ್ರತಿ ಸಲವೂ ಮಾತಿಗೆ ಬೆಲೆ ಸಿಗಬೇಕು, ಇಲ್ಲವಾದರೆ ಮಾತಿಗಿಂತ ಕಚ್ಚುವುದೇ ಫಲ ಕೊಡುತ್ತದೆಂದು ಅವನು ತಿಳಿಯುತ್ತಾನೆ. ಆಮೇಲೆ ಮೆಲ್ಲನೆ ಮಿತಿ ತನ್ನಿ. ಐದು ನಿಮಿಷದ ಮರಳು ಗಡಿಯಾರ ಇಟ್ಟು, ಜೋಕಾಲಿ ಮುಗಿದ ಮೇಲೆ ಎರಡು ಲೆಕ್ಕ, ಮತ್ತೆ ಜೋಕಾಲಿ, ಹೀಗೆ. ಹತ್ತು ಲೆಕ್ಕದ ಬದಲು ಎರಡೇ ಆಗಲಿ, ಆದರೆ ಆ ಎರಡು ತಪ್ಪದಿರಲಿ. ಹೋಂವರ್ಕನ್ನು ನಾಲ್ಕು ಗಂಟೆಯಿಂದ ಆರಕ್ಕೆ ಸರಿಸಿ ನೋಡಿ, ಗಣಿತ ಬೇಡವೆನ್ನುವುದೋ ಆ ಹೊತ್ತೇ ಬೇಡವೆನ್ನುವುದೋ ತಿಳಿಯುತ್ತದೆ. ಅಜ್ಜನವರು ತೂಗಿದ್ದಕ್ಕೆ ನನ್ನ ನಮಸ್ಕಾರ ತಿಳಿಸಿ.

ಸುರತ್ಕಲ್‌ನ ಶಾಲಾ ಶಿಕ್ಷಕಿ

ಶಾಲೆಯ ಕಡೆಯಿಂದ ಒಂದೆರಡು ಮಾತು ಹೇಳುತ್ತೇನೆ. ನಲವತ್ತು ಮಕ್ಕಳ ತರಗತಿಯಲ್ಲಿ ಒಂದು ಮಗುವಿನ ಅಂಗಿಯ ಅಂಚನ್ನು ನೋಡುತ್ತಿರುವುದು ಕಷ್ಟ, ಇದನ್ನು ಪೋಷಕರು ತಿಳಿದಿರಬೇಕು. ಆದ್ದರಿಂದ ನಮಗೆ ಥೆರಪಿಯ ದೊಡ್ಡ ಫೈಲು ಕೊಡಬೇಡಿ, ಒಂದೇ ಪುಟ ಕೊಡಿ. ಅದರಲ್ಲಿ ಸಿಟ್ಟಿನ ಮೊದಲ ಲಕ್ಷಣ ಯಾವುದು, ಆಗ ಏನು ಮಾಡಬೇಕು, ಏನನ್ನು ಖಂಡಿತ ಮಾಡಬಾರದು, ಯಾರಿಗೆ ಫೋನ್ ಮಾಡಬೇಕು ಎಂಬುದಿರಲಿ. ಜ್ಯೋತಿಯ ಚಿತ್ರವಿರುವ ಚಿಕ್ಕ ಕಾರ್ಡೊಂದನ್ನು ಅವನ ಪೆನ್ಸಿಲ್ ಬಾಕ್ಸಿನಲ್ಲಿಡಿ. ಅದನ್ನು ಮೇಜಿನ ಮೇಲಿಟ್ಟರೆ ಆಯಾ ಅಮ್ಮನ ಜೊತೆ ನೀರಿನ ನಲ್ಲಿಯವರೆಗೆ ಹೋಗಿಬರಬಹುದು ಎಂದು ಶಿಕ್ಷಕಿಯೊಡನೆ ಮೊದಲೇ ಮಾತಾಡಿಕೊಳ್ಳಿ. ಶಾಲೆಯ ಬೆಲ್ಲು ಹೊಡೆಯುವ ಮುನ್ನ ಒಂದು ನಿಮಿಷದ ಸೂಚನೆ ಕೊಡುವುದು ನಮಗೆ ಏನೂ ಖರ್ಚಿನ ಕೆಲಸವಲ್ಲ.

ಶಾಲೆ ಒಪ್ಪದಿದ್ದರೆ ಬೇಡಿಕೊಳ್ಳುವ ಧಾಟಿಯಲ್ಲಿ ಹೋಗಬೇಕಾಗಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇದೆ, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕೆಂದು ಅದರ 16ನೆಯ ಸೆಕ್ಷನ್ ಹೇಳುತ್ತದೆ. ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ನಿಷೇಧಿಸಿದೆ. ಆದರೂ ಮೊದಲ ಭೇಟಿಯಲ್ಲೇ ಕಾಯ್ದೆಯ ಪ್ರತಿ ಹಿಡಿದು ಹೋಗಬೇಡಿ, ಆ ಒಂದು ಪುಟವನ್ನು ಹಿಡಿದು ಹೋಗಿ.

ಕಾರ್ಕಳದ ನಿವೃತ್ತ ಶಿಕ್ಷಕರು

ಮರುದಿನ ನ್ಯಾಯ ಮಾಡುವ ಕ್ರಮ ಒಳ್ಳೆಯದೇ, ಆದರೆ ಅದು ನಿಜಕ್ಕೂ ಮರುದಿನ ನಡೆಯಬೇಕು, ಮರೆತುಹೋಗಬಾರದು. ಆ ತಂಗಿಗೂ ಒಂದು ಪಟ್ಟಿ ಮಾಡಿಕೊಡಿ. ಅಣ್ಣ ಮಲ್ಲಿಕಟ್ಟೆ ದಾಟಿದರೆ ತಾನು ಎಲ್ಲಿಗೆ ಹೋಗಬೇಕು, ಯಾರ ಹತ್ತಿರ ಕುಳಿತುಕೊಳ್ಳಬೇಕು ಎಂಬುದು ಅವಳಿಗೆ ಗೊತ್ತಿರಲಿ. ದಿನದಲ್ಲಿ ಸ್ವಲ್ಪ ಹೊತ್ತು ಅಮ್ಮ ಅವಳೊಬ್ಬಳಿಗೇ ಸಿಗಲಿ.

ಉಡುಪಿಯ ತಂದೆ

ಮಾಸ್ಟ್ರ ಮಾತಿಗೆ ನನ್ನದೂ ಒಪ್ಪಿಗೆ. ಇನ್ನು ಹುಲಿವೇಷ. ನಮ್ಮಲ್ಲಿ ಕೃಷ್ಣಾಷ್ಟಮಿಗೆ, ಮೊಸರುಕುಡಿಕೆಯ ವಿಟ್ಲಪಿಂಡಿಯ ದಿನ ಇದೇ ಪಾಡು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿಯೆಂದು 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ಇದೆ. ಆದರೆ ಹಬ್ಬದ ದಿನ ಅದನ್ನು ಹಿಡಿದು ಜಗಳಕ್ಕೆ ನಿಂತರೆ ಊರವರ ಮನಸ್ಸು ಕೆಡುವುದೇ ಹೆಚ್ಚು. ತಂಡದ ಹುಡುಗರು ನಮ್ಮ ಓಣಿಯವರೇ ಅಲ್ಲವೇ, ಎಷ್ಟು ಹೊತ್ತಿಗೆ ಬರುತ್ತೀರಿ, ಗರ್ನಾಲು ಎಲ್ಲಿ ಹೊಡೆಯುತ್ತೀರಿ ಎಂದು ಮೊದಲೇ ಕೇಳಿ. ನಮ್ಮ ಗೇಟಿನಿಂದ ಸ್ವಲ್ಪ ಮುಂದೆ ಹೋಗಿ ಹೊಡೆಯಲು ಅವರು ಖುಷಿಯಿಂದ ಒಪ್ಪಿದ್ದಾರೆ.

ಹುಲಿಕುಣಿತದ ವಿಡಿಯೋವನ್ನು ಈಗಿನಿಂದಲೇ ಶಬ್ದವಿಲ್ಲದೆ ತೋರಿಸಿ, ದಿನ ಕಳೆದಂತೆ ಶಬ್ದವನ್ನು ತುಸುತುಸುವೇ ಏರಿಸಿ, ಅವನು ಬೇಡವೆಂದಲ್ಲಿ ನಿಲ್ಲಿಸಿ. ಬಣ್ಣ ಬಳಿದುಕೊಳ್ಳುವಲ್ಲಿಗೆ ಹೋಗಿ ಹುಲಿಯ ಒಳಗೆ ಪರಿಚಯದ ಅಣ್ಣನೇ ಇರುವುದನ್ನು ತೋರಿಸಿದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಆ ದಿನ ಒಳಕೋಣೆಯಲ್ಲಿ ಅವನ ಬಸ್ಸು, ಚಾಪೆ ಸಿದ್ಧವಿರಲಿ, ಮನೆಯವರಲ್ಲಿ ಒಬ್ಬರು ಹುಲಿ ನೋಡುವ ಆಸೆ ಬಿಟ್ಟು ಅವನ ಜೊತೆ ಇರಲು ಒಪ್ಪಿಕೊಂಡಿರಲಿ.

ಕಿವಿ ಮುಚ್ಚುವ ಇಯರ್‌ಮಫ್ ಶಬ್ದವನ್ನು ಸುಮಾರು 20ರಿಂದ 30 ಡೆಸಿಬಲ್‌ನಷ್ಟು ತಗ್ಗಿಸುತ್ತದೆ. ಇಡೀ ದಿನ ಹಾಕಿಸಬೇಡಿ, ಕಿವಿ ಸಣ್ಣ ಶಬ್ದಕ್ಕೂ ಇನ್ನಷ್ಟು ಸೂಕ್ಷ್ಮವಾಗಬಹುದು ಎಂದು ನಮ್ಮ ಥೆರಪಿಸ್ಟರು ಎಚ್ಚರಿಸಿದ್ದಾರೆ. ಗದ್ದಲದ ಹೊತ್ತಿಗೆ ಮಾತ್ರ ಬಳಸಿ.

ಕಾವೂರಿನ ತಾಯಿ

ಅಣ್ಣ, ಪಕ್ಕದ ಓಣಿಯ ತಂಡದವರೊಡನೆ ಮಾತಾಡಿದೆ. ಗರ್ನಾಲನ್ನು ಮೈದಾನದ ಹತ್ತಿರ ಹೊಡೆಯುತ್ತಾರಂತೆ, ತಾಸೆ ಮಾತ್ರ ನಮ್ಮ ಅಂಗಳಕ್ಕೆ ಬರುತ್ತದೆ. ಒಳಕೋಣೆಯಲ್ಲಿ ಜೊತೆಗಿರಲು ಮಾವ ಒಪ್ಪಿದ್ದಾರೆ. ಇಯರ್‌ಮಫ್ ಮಕ್ಕಳ ಅಳತೆಯದ್ದು ಇಲ್ಲಿನ ಅಂಗಡಿಗಳಲ್ಲಿ ಸಿಗಲಿಲ್ಲ, ಕಟ್ಟಡ ಕೆಲಸದವರು ಹಾಕುವ ದೊಡ್ಡದೇ ಇದೆ. ಅದು ಆಗುತ್ತದೆಯೇ?

ಉಡುಪಿಯ ತಂದೆ

ದೊಡ್ಡದು ಸಡಿಲವಾಗಿ ಕಿವಿಯ ಸುತ್ತ ಸಂದು ಬಿಟ್ಟರೆ ಶಬ್ದ ಒಳಗೆ ಬಂದೇ ಬರುತ್ತದೆ. ಮಗಳು ಚಿಕ್ಕವಳಿದ್ದಾಗ ಬಳಸಿದ್ದು ನಮ್ಮಲ್ಲಿದೆ, ಶನಿವಾರ ಎಕ್ಸ್‌ಪ್ರೆಸ್ ಬಸ್ಸಿನವರ ಕೈಯಲ್ಲಿ ಕಳುಹಿಸುತ್ತೇನೆ, ಬಸ್ಸಿನ ಹೆಸರೂ ಸಮಯವೂ ಸಂದೇಶದಲ್ಲಿ ತಿಳಿಸುತ್ತೇನೆ. ಮೊದಲು ಅವನ ಕೈಗೆ ಆಡಲು ಕೊಡಿ, ನೀವೊಮ್ಮೆ ಹಾಕಿಕೊಂಡು ತೋರಿಸಿ, ಆಮೇಲೆ ಮಿಕ್ಸಿ ಓಡಿಸುವ ಹೊತ್ತಿಗೆ ಅವನಿಗೆ ಹಾಕಿ ಅಭ್ಯಾಸ ಮಾಡಿಸಿ. ತಲೆಯ ಪಟ್ಟಿ ಬಿಗಿಯೆನಿಸಿದರೆ ಎರಡೂ ಬದಿಯ ಕಡ್ಡಿಯನ್ನು ಕೆಳಗೆಳೆದರೆ ಉದ್ದವಾಗುತ್ತದೆ. ಕನ್ನಡಕ ಹಾಕುವ ಮಗುವಾದರೆ ಮೊದಲೇ ತಿಳಿಸಿ, ಕನ್ನಡಕದ ಕಡ್ಡಿಯ ಹತ್ತಿರ ಸಂದು ಬೀಳುವುದರಿಂದ ಬೇರೆ ಬಗೆಯದನ್ನು ನೋಡಬೇಕಾಗುತ್ತದೆ.